ಹಂಡೆಯ ತಳದ ಕಪ್ಪು ನೀರು

ಡಿಕಾಕ್ಷನ್ ಇನ್ನೂ ಇಳಿಯುತ್ತಿತ್ತು, ಅಷ್ಟರಲ್ಲಿ ಆಕ್ಲೆಂಡಿನಿಂದ ಫೋನು. ಹೆಂಡತಿಯ ತಮ್ಮ. ಅಲ್ಲಿ ಆಗಲೇ ಮಧ್ಯಾಹ್ನ.

"ಭಾವ, ಡ್ರಮ್ಮಿನ ಮುಚ್ಚಳ ತೆಗೆದ್ರೆ ಮಗು ಹಾಲು ಕಕ್ಕಿದ ವಾಸನೆ. ಇವಳು ಗ್ಯಾರೇಜಿಗೇ ಕಾಲಿಡಲ್ಲ ಅಂತಿದಾಳೆ. ಚೆಲ್ಲಿಬಿಡ್ಲಾ?"

"ಮೇಲೆ ಬಿಳಿ ಕೆನೆ ಕಟ್ಟಿದೆಯಾ?"

"ಕಟ್ಟಿದೆ. ಸುಕ್ಕುಸುಕ್ಕಾಗಿ."

"ಹಾಗಾದ್ರೆ ಚೆಲ್ಲಬೇಡ. ಮುಚ್ಚಿಡು, ಇನ್ನೊಂದು ತಿಂಗಳು ಅದರ ತಂಟೆಗೆ ಹೋಗ್ಬೇಡ."

ಅವನು ಮನೆಯಲ್ಲಿ ರಮ್ ಮಾಡುತ್ತಾನೆ. ಗಾಬರಿ ಬೇಡ. ನ್ಯೂಜಿಲೆಂಡಿನಲ್ಲಿ ಸ್ವಂತ ಬಳಕೆಗೆ ಮನೆಯಲ್ಲೇ ಬಟ್ಟಿ ಇಳಿಸಲು 1996ರಿಂದ ಕಾನೂನಿನ ಅಡ್ಡಿಯಿಲ್ಲ. ಮಾರಿದರೆ ಮಾತ್ರ ತಪ್ಪು. ನಮ್ಮಲ್ಲಿ ಅದೇ ಕೆಲಸಕ್ಕೆ ಕಳ್ಳಭಟ್ಟಿ ಅಂತ ಹೆಸರು, 1965ರ ಅಬಕಾರಿ ಕಾಯ್ದೆಯಡಿ ಕೇಸು. ಕುಕ್ಕರಿಗೆ ಪೈಪು ಜೋಡಿಸಲು ಕೈ ತುರಿಸುತ್ತಿರುವವರು ದಯವಿಟ್ಟು ಮುಂದಿನ ಪುಟಕ್ಕೆ ಹೋಗಿ. ಇಲ್ಲಿರುವುದು ಕುಡಿಯುವವರ ಮೂಗಿಗೆ ಬೇಕಾದ ಸಂಗತಿ.

ಡ್ರಮ್ಮಿನಲ್ಲಿದ್ದದ್ದು ಡಂಡರ್. ಜಮೈಕಾದ ಮಾತು, ಉಕ್ಕಿ ಹರಿಯುವುದು ಎಂಬರ್ಥದ ಸ್ಪ್ಯಾನಿಷ್ ಪದದಿಂದ ಬಂದದ್ದು. ಕಾಕಂಬಿಗೆ ನೀರು ಬೆರೆಸಿ ಹುಳಿಯಲು ಬಿಟ್ಟರೆ ಕೊಳೆ ಸಿದ್ಧವಾಗುತ್ತದೆ. 'ಇಷ್ಟು ಲೀಟರ್ ಬೆಲ್ಲದ ಕೊಳೆ ವಶ' ಅಂತ ಪೇಪರಿನಲ್ಲಿ ಓದಿರುತ್ತೀರಲ್ಲ, ಅದೇ ಕೊಳೆ. ಅದನ್ನು ಹಂಡೆಗೆ ಹಾಕಿ ಕಾಯಿಸಿ, ಆವಿಯಾಗಿ ಏರಿದ ಮದ್ಯಸಾರವನ್ನೆಲ್ಲ ತಣಿಸಿ ಇಳಿಸಿಕೊಂಡ ಮೇಲೆ ತಳದಲ್ಲಿ ಕಪ್ಪನೆಯ ನೀರು ಉಳಿಯುತ್ತದೆ. ಸತ್ತ ಯೀಸ್ಟು, ಲವಣ, ಹುಳಿ, ಕರಕಲು ಸಕ್ಕರೆ ಎಲ್ಲವೂ ಅದರಲ್ಲಿದೆ, ಮದ್ಯ ಒಂದು ಬಿಟ್ಟು. ಒಮ್ಮೆ ಚಮಚದಲ್ಲಿ ನೆಕ್ಕಿ ನೋಡಿದ್ದೇನೆ. ಕಾಫಿ ಗಷ್ಟನ್ನು ಹುಣಸೆ ನೀರಿನಲ್ಲಿ ಕದಡಿ ಒಂದು ಕಲ್ಲು ಉಪ್ಪು ಹಾಕಿದ ಹಾಗೆ. ಬಾಯಿ ಮುಕ್ಕಳಿಸಲು ಎರಡು ಲೋಟ ನೀರು ಬೇಕಾಯಿತು.

ನಮ್ಮ ಕಬ್ಬಿನ ಸೀಮೆಯವರಿಗೆ ಇದು ಹೊಸದೇನಲ್ಲ, ಹೆಸರು ಮಾತ್ರ ಬೇರೆ. ಸಕ್ಕರೆ ಕಾರ್ಖಾನೆಯ ಪಕ್ಕದ ಡಿಸ್ಟಿಲರಿಯಲ್ಲಿ ಇದನ್ನೇ ಸ್ಪೆಂಟ್ ವಾಶ್ ಅನ್ನುತ್ತಾರೆ. ಒಂದು ಲೀಟರ್ ಮದ್ಯಸಾರಕ್ಕೆ 8ರಿಂದ 15 ಲೀಟರಿನಷ್ಟು ಉಳಿಯುತ್ತದೆ. ಹಳ್ಳಕ್ಕೆ ಬಿಟ್ಟರೆ ನೀರಿನ ಆಮ್ಲಜನಕವನ್ನೆಲ್ಲ ಹೀರಿ ಮೀನುಗಳನ್ನು ಕೊಲ್ಲುತ್ತದೆ. ಆದ್ದರಿಂದ ಗ್ಯಾಸ್ ತೆಗೆಯುತ್ತಾರೆ, ಮಡ್ಡಿಯ ಜೊತೆ ಕಲಸಿ ಗೊಬ್ಬರ ಮಾಡುತ್ತಾರೆ, ಗಟ್ಟಿ ಮಾಡಿ ಬಾಯ್ಲರಿನಲ್ಲಿ ಸುಡುತ್ತಾರೆ. ನಮಗೆ ಪೀಡೆ, ಜಮೈಕಾದವರಿಗೆ ಪದಾರ್ಥ.

ಇಲ್ಲೇ ಜನ ಎಡವುವುದು. 'ಡಂಡರ್ ಹಾಕಿದರೆ ರಮ್ಮಿಗೆ ರುಚಿ ಬರುತ್ತದೆ' ಎಂಬ ಮಾತು ಎಷ್ಟು ಹಬ್ಬಿದೆಯೆಂದರೆ, ಒಗ್ಗರಣೆಯಂತೆ ಕೊನೆಗೆ ಸುರಿಯುವ ವಸ್ತು ಅದು ಎಂದುಕೊಂಡವರೇ ಹೆಚ್ಚು. ಸ್ವಲ್ಪ ಯೋಚಿಸಿ: ಬಟ್ಟಿಯಲ್ಲಿ ಏರಬಲ್ಲದ್ದು ಬಹುಮಟ್ಟಿಗೆ ಏರಿಹೋದ ಮೇಲೆ ಉಳಿದದ್ದು ತಾನೆ ಇದು? ಒಮ್ಮೆ ಏರದ್ದು ಎರಡನೇ ಸಲ ಯಾಕೆ ಏರೀತು? ಆ ಕಪ್ಪು ಬಣ್ಣವಾಗಲಿ, ಉಪ್ಪಾಗಲಿ, ಕಹಿಯಾಗಲಿ ಸೀಸೆಗೆ ಬರುವುದೇ ಇಲ್ಲ. ಹಂಡೆಯಿಂದ ಆಗತಾನೆ ಇಳಿದ ಡಂಡರ್ ಕೊಡುವುದು ಮುಖ್ಯವಾಗಿ ಎರಡನ್ನು: ಹೊಸ ಯೀಸ್ಟಿಗೆ ತಿನ್ನಲು ಹಳೆಯ ಯೀಸ್ಟಿನ ಸಾರ, ಮತ್ತು ಹುಳಿ. ಅಮೆರಿಕದ ಬರ್ಬನ್ ಸೀಸೆಗಳ ಮೇಲೆ 'ಸೋರ್ ಮ್ಯಾಶ್' ಎಂದು ಬರೆದಿರುತ್ತದಲ್ಲ, ಅದೂ ಇದೇ ಉಪಾಯ. ಹಿಂದಿನ ಹಂಡೆಯ ಹುಳಿ ನೀರು ಮುಂದಿನ ಕೊಳೆಗೆ.

ರುಚಿ ಬರುವುದು ಆಮೇಲೆ. ಅಂದರೆ ಡಂಡರನ್ನು ಎತ್ತಿಟ್ಟು ಮರೆತಾಗ. ತಣಿದ ಆ ನೀರಿನಲ್ಲಿ ಬ್ಯಾಕ್ಟೀರಿಯಾ ಮನೆ ಮಾಡುತ್ತವೆ. ಒಂದು ಜಾತಿ ವಿನೆಗರಿನ ಹುಳಿ ಮಾಡುತ್ತದೆ, ಇನ್ನೊಂದು ಮೊಸರಿನ ಹುಳಿ. ಗಾಳಿಯಾಡದ ತಳದಲ್ಲಿ ಬೆಳೆಯುವ ಕ್ಲಾಸ್ಟ್ರಿಡಿಯಂ ಎಂಬುದು ಬ್ಯುಟಿರಿಕ್ ಆಮ್ಲ ಮಾಡುತ್ತದೆ. ಕೆಟ್ಟ ಬೆಣ್ಣೆಯ ವಾಸನೆ, ವಾಂತಿಯ ವಾಸನೆ ಅದರದ್ದೇ. ಭಾವಮೈದ ಫೋನಿನಲ್ಲಿ ಹೇಳಿದ ಹಾಲು ಕಕ್ಕಿದ ವಾಸನೆಯೂ ಅದೇ. ಆದರೆ ಈ ಹೇಸಿಗೆಯ ಆಮ್ಲ ಮದ್ಯಸಾರದ ಜೊತೆ ಸೇರಿ ಎಸ್ಟರ್ ಆದರೆ, ಅದರ ಹೆಸರು ಈಥೈಲ್ ಬ್ಯುಟಿರೇಟ್, ವಾಸನೆ ಅನಾನಸಿನದು. ಮಕ್ಕಳು ಚೀಪುವ ಅನಾನಸ್ ಪೆಪ್ಪರಮಿಂಟಿನ ಘಮದಲ್ಲೂ ಇದಕ್ಕೆ ಪಾಲುಂಟು. ರಸಾಯನಶಾಸ್ತ್ರದಲ್ಲಿ ನನಗೆ ಎಸ್ಸೆಸ್ಸೆಲ್ಸಿಯಲ್ಲಿ ಬಂದ ಅಂಕ ಹೇಳಿಕೊಳ್ಳುವಂಥದ್ದಲ್ಲ. ಇದೊಂದನ್ನು ಮೇಷ್ಟ್ರು ಅವತ್ತೇ ಹೇಳಿದ್ದರೆ ಕಥೆ ಬೇರೆಯಿತ್ತು.

ಈ ವಿದ್ಯೆಯ ತವರು ಜಮೈಕಾದ ಟ್ರೆಲಾನಿ ಪ್ರಾಂತ್ಯ. ಅಲ್ಲಿನ ಹ್ಯಾಂಪ್ಡೆನ್ ಎಸ್ಟೇಟು 1753ರಷ್ಟು ಹಳೆಯದು. ಅಲ್ಲಿ ಡಂಡರಿಗಿಂತ ಒಂದು ಹೆಜ್ಜೆ ಮುಂದಿನದ್ದಿದೆ, ಮಕ್ ಗುಂಡಿ. ಡಂಡರ್, ಹುಳಿದ ತೊಟ್ಟಿಗಳ ತಳದ ಗಸಿ, ಕಬ್ಬಿನ ಸಿಪ್ಪೆ ಎಲ್ಲ ಬಿದ್ದು ಕೊಳೆಯುವ ನೆಲಗುಂಡಿ. ಡಂಡರ್ ಬೇರೆ, ಮಕ್ ಬೇರೆ. ಹವ್ಯಾಸಿಗಳು ಎರಡನ್ನೂ ಒಂದೇ ಹೆಸರಿನಿಂದ ಕರೆದು ಗೊಂದಲ ಮಾಡಿಕೊಳ್ಳುತ್ತಾರೆ. ಗುಂಡಿಯಲ್ಲಿ ಹುಳಿ ಮಿತಿಮೀರಿದರೆ ಅದನ್ನು ಮಾಡಿದ ಜೀವಿಗಳೇ ಸಾಯುತ್ತವೆ, ಅದಕ್ಕೆ ಸುಣ್ಣ ಹಾಕುತ್ತಿದ್ದರು. ಸುಣ್ಣ ಆಮ್ಲವನ್ನು ಹಿಡಿದಿಟ್ಟುಕೊಳ್ಳುತ್ತದೆ. ಮುಂದೆ ಹುಳಿ ಕೊಳೆಗೆ ಬಿದ್ದಾಗ ಆಮ್ಲ ಮತ್ತೆ ಬಿಡುಗಡೆಯಾಗುತ್ತದೆ. ಸೂಕ್ಷ್ಮಜೀವಿಶಾಸ್ತ್ರ ಓದದ ಕೂಲಿಗಳು ಕೈಯಂದಾಜಿನಲ್ಲಿ ಮಾಡಿಕೊಂಡು ಬಂದದ್ದನ್ನು ಸರ್ಕಾರಿ ರಸಾಯನಜ್ಞರು ಕಾಗದಕ್ಕಿಳಿಸಿದ್ದು ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ. ಗುಂಡಿಗೆ ಸತ್ತ ಬಾವಲಿ ಹಾಕುತ್ತಾರೆ, ಮೇಕೆ ತಲೆ ಎಸೆಯುತ್ತಾರೆ ಎಂಬ ಕಥೆಗಳನ್ನೂ ಕೇಳಿರುತ್ತೀರಿ. ಅಂಥ ಕಥೆಗಳು ಸೀಸೆ ಮಾರಲು ಚೆನ್ನ. ನಾನು ಲೆಕ್ಕಕ್ಕೆ ಇಟ್ಟುಕೊಂಡಿಲ್ಲ.

ಹ್ಯಾಂಪ್ಡೆನ್ನಿನ ಕೊಳೆ ಮರದ ತೊಟ್ಟಿಯಲ್ಲಿ, ಗಾಳಿಯಲ್ಲಿ ಬಂದು ಕೂತ ಯೀಸ್ಟಿನಿಂದಲೇ ಹುಳಿಯುತ್ತದೆ. ವಾರಕ್ಕೂ ಹೆಚ್ಚು ದಿನ ಬೇಕು. ಹಗುರ ರಮ್ ಮಾಡುವ ಕಾರ್ಖಾನೆಯಲ್ಲಿ ಈ ಕೆಲಸ ಒಂದೆರಡು ದಿನದಲ್ಲಿ ಮುಗಿದಿರುತ್ತದೆ. ಹ್ಯಾಂಪ್ಡೆನ್ನಿನ ರಮ್ಮಿಗೆ ಎಸ್ಟರಿನ ಲೆಕ್ಕದಲ್ಲಿ ಗುರುತುಗಳಿವೆ. ತುತ್ತತುದಿಯದ್ದು ಡಿಓಕೆ: ನೂರು ಲೀಟರ್ ಶುದ್ಧ ಮದ್ಯಸಾರಕ್ಕೆ 1500ರಿಂದ 1600 ಗ್ರಾಂ ಎಸ್ಟರು. 1600 ಜಮೈಕಾದಲ್ಲಿ ಮೇರೆ. ಇದು ಕುಡಿಯಲೆಂದು ಹುಟ್ಟಿದ್ದೇ ಅಲ್ಲ. ಮಿಠಾಯಿಗೆ, ಸುಗಂಧಕ್ಕೆ, ಸಪ್ಪೆ ಮದ್ಯಕ್ಕೆ ಹನಿಹನಿಯಾಗಿ ಬೆರೆಸಲು. ಜರ್ಮನರು ಆಮದು ರಮ್ಮಿನ ಮೇಲೆ ಸುಂಕ ಹೇರಿದಾಗ ಅವರ ವರ್ತಕರು ಕಂಡುಕೊಂಡ ದಾರಿಯೂ ಇದೇ: ಘಾಟು ರಮ್ ಸ್ವಲ್ಪವೇ ತರಿಸು, ಊರಿನ ಸ್ಪಿರಿಟ್ಟಿಗೆ ಬೆರೆಸು. ರಮ್ ಫೆರ್ಶ್ನಿಟ್ ಎಂಬ ಆ ಬೆರಕೆಯಲ್ಲಿ ಇವತ್ತಿಗೂ ಮದ್ಯಸಾರದ ಶೇ. 5ರಷ್ಟು ರಮ್ಮಿನದ್ದಾಗಿದ್ದರೆ ಸಾಕು. ಇಂಗು ಹಾಕಿದ ಹಾಗೆ. ಇಂಗನ್ನು ಯಾರೂ ಹಿಡಿಹಿಡಿಯಾಗಿ ತಿನ್ನುವುದಿಲ್ಲ, ಆದರೆ ಈಗಿನ ಕೆಲವು ರಸಿಕರು ಡಿಓಕೆಯನ್ನು ನೀಟಾಗಿ ಕುಡಿದು ಕಣ್ಣೊರೆಸಿಕೊಳ್ಳುತ್ತಾರೆ. ಅವರ ಪಾಡು ಅವರಿಗೆ.

ಬೆಂಗಳೂರಿನಲ್ಲಿ ಕೂತು ಈ ಘಮದ ಒಂದು ಎಳೆ ಹಿಡಿಯಬೇಕೆಂದರೆ ಅಮೃತ್‌ನವರ ಟೂ ಇಂಡೀಸ್ ನೋಡಿ. ನಮ್ಮ ಬೆಲ್ಲದ ರಮ್ಮಿನ ಜೊತೆ ಜಮೈಕಾ, ಬಾರ್ಬಡೋಸ್, ಗಯಾನಾದ ರಮ್ ಬೆರೆತಿದೆ. ಗ್ಲಾಸಿಗೆ ಹಾಕಿ ಐದು ನಿಮಿಷ ಬಿಡಿ. ಬೆಲ್ಲದ ಹಿಂದೆ ಅತಿಯಾಗಿ ಮಾಗಿದ ಬಾಳೆಹಣ್ಣು ಇಣುಕಿದರೆ, ಅದು ಜಮೈಕಾ ಕಡೆಯಿಂದ ಬಂದದ್ದು ಅಂತ ನನ್ನ ಮೂಗಿನ ತೀರ್ಪು.

ಗ್ಯಾರೇಜಿಗೆ ವಾಪಸ್ ಬರೋಣ. ಭಾವಮೈದನ ಮೊದಲ ತಪ್ಪು ಆಸೆಬುರುಕತನ. ಸ್ವಲ್ಪ ಹಾಕಿದರೆ ಒಳ್ಳೆಯದಾದರೆ ಹೆಚ್ಚು ಹಾಕಿದರೆ ಇನ್ನೂ ಒಳ್ಳೆಯದಲ್ಲವೇ ಎಂದು ಕೊಳೆಯಲ್ಲಿ ಅರ್ಧಕ್ಕರ್ಧ ಡಂಡರ್ ಸುರಿದಿದ್ದ. ಎರಡು ದಿನ ಬುಸುಗುಟ್ಟಿ ಯೀಸ್ಟು ಸುಮ್ಮನಾಯಿತು. ಹೈಡ್ರೋಮೀಟರ್ ಒಂದೇ ಗೆರೆಯಲ್ಲಿ ನಿಂತಿತು. ಕಾಕಂಬಿಯ ಲವಣ ಹಂಡೆಯಿಂದ ಹಂಡೆಗೆ ಉಳಿದು ಕೂಡುತ್ತ ಹೋಗುತ್ತದೆ. ಉಪ್ಪಿನಕಾಯಿ ಜಾಡಿಯಲ್ಲಿ ಬೂಷ್ಟು ಬೆಳೆಯದಿರಲು ಏನು ಕಾರಣವೋ ಯೀಸ್ಟು ಬಸವಳಿಯಲೂ ಅದೇ ಕಾರಣ. ಮುಂದಿನ ಸಲ ನಾಲ್ಕರಲ್ಲಿ ಒಂದು ಪಾಲಿಗೆ ಇಳಿದ, ನಿರಾಳವಾಗಿ ಹುಳಿಯಿತು. ಎರಡನೇ ತಪ್ಪು ಆಮೇಲಿನದು. ವಾಸನೆ ಬಂತಲ್ಲ, ಇನ್ನೇನು ಅನಾನಸ್ ಬಂದೇಬಿಡುತ್ತದೆ ಎಂದು ಹಳೆಯ ಡಂಡರ್ ಹಾಕಿದ ಮೂರೇ ದಿನಕ್ಕೆ ಬಟ್ಟಿಗೆ ಕೂತ. ಆಮ್ಲ ಎಸ್ಟರ್ ಆಗಲು ಪುರಸೊತ್ತು ಬೇಕು. ಅದಾಗದಿದ್ದರೆ ಆಮ್ಲವೇ ಆವಿಯ ಜೊತೆ ಏರಿ ಬರುತ್ತದೆ. ಆ ಸೀಸೆ ಅವನ ಹತ್ತಿರ ಇನ್ನೂ ಇದೆ. ಯಾರೂ ಎರಡನೇ ಗುಟುಕು ಕೇಳಿಲ್ಲ.

ಕಳೆದ ತಿಂಗಳು ನಾನೂ ಹೆಂಡತಿಯೂ ಅಲ್ಲಿಗೆ ಹೋಗಿದ್ದಾಗ ಮೂರನೇ ಪ್ರಯತ್ನ. ಈ ಸಲ ಕೊಳೆಯನ್ನು ಎರಡು ವಾರ ಬಿಟ್ಟಿದ್ದ. ಗ್ಯಾರೇಜಿನ ಶಟರ್ ಪೂರ್ತಿ ಎತ್ತಿ, ವಿದ್ಯುತ್ ಹಂಡೆ ಹಚ್ಚಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆವು. ಮೊದಲು ಬಂದದ್ದರಲ್ಲಿ ಉಗುರುಬಣ್ಣದ ಘಾಟು, ಬದಿಗಿಟ್ಟ. ಮುಕ್ಕಾಲು ಗಂಟೆಯ ಮೇಲೆ ಅಂಗೈಗೆ ನಾಲ್ಕು ಹನಿ ಹಾಕಿಸಿಕೊಂಡು ಉಜ್ಜಿ ಮೂಗಿಗೆ ಹಿಡಿದೆ. ಸಿಪ್ಪೆ ಕಪ್ಪಾದ ಪಚ್ಚಬಾಳೆ. ಅದರ ಹಿಂದೆ, ಸಂತೆ ಮುಗಿದ ಮೇಲೆ ಗಾಡಿಯಲ್ಲಿ ಉಳಿದ ಅನಾನಸು. ಕೊನೆಗೆ ಹಾಲಿನ ವಾಸನೆ ಒಂಚೂರು, ಇಲ್ಲ ಎನ್ನುವಷ್ಟು.

"ಹೇಗಿದೆ ಭಾವ?"

"ಬಾಲ ಸ್ವಲ್ಪ ಮೊದಲೇ ಕತ್ತರಿಸು. ಉಳಿದದ್ದು ಪರವಾಗಿಲ್ಲ."

ಬಾಲ ಅಂದರೆ ಬಟ್ಟಿಯ ಕೊನೆಯಲ್ಲಿ ಇಳಿಯುವ ಭಾಗ. ಪರವಾಗಿಲ್ಲ ಅಂದರೆ ನನ್ನ ಬಾಯಲ್ಲಿ ದೊಡ್ಡ ಮಾತು ಅಂತ ಅವನಿಗೆ ಗೊತ್ತು. ಕೆಲಸ ಮುಗಿದ ಮೇಲೆ ಹಂಡೆಯ ತಳದ ಕಪ್ಪು ನೀರನ್ನು ಬಕೆಟ್ಟಿಗಿಳಿಸಿದ. ನೇರ ಡ್ರಮ್ಮಿಗೆ ಸುರಿಯಲು ಹೋದವನನ್ನು ತಡೆದೆ: ಕುದಿಯುವ ಹಾಲಿಗೆ ಯಾರಾದರೂ ಹೆಪ್ಪು ಹಾಕುತ್ತಾರೆಯೇ? ಡ್ರಮ್ಮಿನಲ್ಲಿರುವ ಜೀವ ಬೆಂದುಹೋಗುತ್ತದೆ. ಬಕೆಟ್ಟನ್ನು ಗೋಡೆ ಬದಿಗಿಟ್ಟು ಮೇಲೊಂದು ಹಳೆಯ ಪಂಚೆ ಮುಚ್ಚಿದ. ಒಳಗಿನಿಂದ ಅವನ ಹೆಂಡತಿ ಕೂಗಿದಳು, ಊಟಕ್ಕೆ ಬರುವ ಮೊದಲು ಇಬ್ಬರೂ ಕೈಕಾಲು ತೊಳೆದುಕೊಳ್ಳಬೇಕಂತೆ, ಸೋಪು ಹಾಕಿ.