ಪೂರ್ವವಿದ್ಯೆಯೂ ಜೂರಿಯ ಪಕ್ಷಪಾತವೂ: ಒಂದು ತೀರ್ಪಿನ ವಿಮರ್ಶೆ

ಪೇಟೆಂಟೆಂಬುದು ಹೊಸತನ್ನು ಕಂಡುಹಿಡಿದವನಿಗೆ ರಾಜ್ಯವು ನಿಯತಕಾಲದವರೆಗೆ ಕೊಡುವ ಏಕಸ್ವಾಮ್ಯ. ಆದುದರಿಂದ ಅವನು ತಂದುದು ನಿಜವಾಗಿಯೂ ಹೊಸದೇ ಎಂಬ ಪ್ರಶ್ನೆಯೇ ಇಂಥ ವ್ಯಾಜ್ಯಗಳ ತಳಹದಿ. ಅರ್ಜಿಗೆ ಮುಂಚೆಯೇ ಲೋಕವಿದಿತವಾಗಿದ್ದ ಯಂತ್ರ, ಬರಹ, ಪ್ರಯೋಗಗಳನ್ನು ಈ ಲೇಖನದಲ್ಲಿ ‘ಪೂರ್ವವಿದ್ಯೆ’ ಎಂದು ಕರೆದಿದ್ದೇವೆ.

ಅಮೆರಿಕದಲ್ಲಿ ಈ ಪ್ರಶ್ನೆಯನ್ನು ಅನೇಕ ವೇಳೆ ಜೂರಿಯೇ ನಿರ್ಣಯಿಸುತ್ತದೆ. ಆಪಲ್ ಸಂಸ್ಥೆಯು ಸ್ಯಾಮ್‌ಸಂಗ್ ಸಂಸ್ಥೆಯ ಮೇಲೆ ಹೂಡಿದ ದಾವೆಯಲ್ಲಿ, 2012ನೆಯ ಆಗಸ್ಟ್ 24ರಂದು, ಸಾನ್ ಹೋಸೆ ನಗರದ ಒಂಬತ್ತು ಮಂದಿಯ ಜೂರಿಯು ಸುಮಾರು 105 ಕೋಟಿ ಡಾಲರುಗಳ ಪರಿಹಾರವನ್ನು ವಿಧಿಸಿತು. ನ್ಯಾಯಾಧೀಶರ ಸೂಚನೆಗಳು 109 ಪುಟಗಳಷ್ಟಿದ್ದವು. ಆಲೋಚನೆಯಾದರೋ ಮೂರು ದಿನಗಳೊಳಗೆ ಮುಗಿಯಿತು.

ಪುಟದ ಅಂಚನ್ನು ಮೀರಿ ಎಳೆದಾಗ ಚಿತ್ರವು ಹಿಂದಕ್ಕೆ ಚಿಮ್ಮುವ ಉಪಾಯವು ಆಪಲಿನ ಪೇಟೆಂಟುಗಳಲ್ಲೊಂದು. ಇದಕ್ಕೆ ಪೂರ್ವವಿದ್ಯೆಯಾಗಿ ಪ್ರತಿವಾದಿಗಳು ಮಿತ್ಸುಬಿಷಿ ಸಂಶೋಧನಾಲಯದ ‘ಡೈಮಂಡ್‌ಟಚ್’ ಎಂಬ ಸ್ಪರ್ಶಮೇಜನ್ನೂ, ಅದರ ಮೇಲೆ ನಡೆಯುತ್ತಿದ್ದ ‘ಟೇಬಲ್‌ಕ್ಲಾತ್’ ಎಂಬ ಕಾರ್ಯಕ್ರಮವನ್ನೂ ಮುಂದಿಟ್ಟರು. ಅಲ್ಲಿಯೂ ಎಳೆದ ಚಿತ್ರವು ಬೆರಳು ಬಿಟ್ಟೊಡನೆ ತನ್ನ ಸ್ಥಾನಕ್ಕೆ ಮರಳುತ್ತಿತ್ತು. ಜೂರಿಯು ಈ ವಾದವನ್ನು ಒಪ್ಪಲಿಲ್ಲ.

ತೀರ್ಪಿನ ಬಳಿಕ ಜೂರಿಯ ಮುಖ್ಯಸ್ಥರು ಸಂದರ್ಶನವಿತ್ತರು. ಅವರು ಸ್ವತಃ ಪೇಟೆಂಟು ಪಡೆದವರು. ಆಪಲಿನ ಕಾರ್ಯಕ್ರಮವನ್ನು ಹಳೆಯ ಯಂತ್ರದ ಸಂಸ್ಕಾರಕದಲ್ಲಿಯೂ, ಹಳೆಯದನ್ನು ಇದರಲ್ಲಿಯೂ ನಡೆಯಿಸಲಾಗದು, ಅವು ಪರಸ್ಪರ ಬದಲಾಯಿಸತಕ್ಕವಲ್ಲ ಎಂಬ ವಿಚಾರವೇ ತಮ್ಮ ಮನಸ್ಸನ್ನು ತಿರುಗಿಸಿತೆಂದು ಅವರು ವಿವರಿಸಿದರು. ಇದು ಶಾಸನದ ಒರೆಗಲ್ಲಲ್ಲ. ಪೇಟೆಂಟಿನ ಹಕ್ಕುವಾಕ್ಯದಲ್ಲಿ ಹೇಳಿರುವ ಪ್ರತಿಯೊಂದು ಅಂಗವೂ ಪೂರ್ವವಿದ್ಯೆಯಲ್ಲಿ ಕಾಣುವುದೋ, ಇಲ್ಲವೆ ಆ ವಿದ್ಯೆಯನ್ನು ಬಲ್ಲವನಿಗೆ ಅದು ಸಹಜವಾಗಿ ಹೊಳೆಯತಕ್ಕುದೋ ಎಂಬುದಷ್ಟೇ ವಿಚಾರ. ಹಕ್ಕುವಾಕ್ಯವು ಸಂಸ್ಕಾರಕವನ್ನು ನಿರ್ದೇಶಿಸದಿರುವಾಗ, ಎರಡು ಯಂತ್ರಗಳ ಸಂಸ್ಕಾರಕಗಳು ಬೇರೆಯೆಂಬುದರಿಂದ ಏನೂ ಸಿದ್ಧಿಸದು.

ಸ್ಯಾಮ್‌ಸಂಗಿನವರು ಮರುವಿಚಾರಣೆಯನ್ನು ಬೇಡುವಾಗ ಹೆಚ್ಚಾಗಿ ಒತ್ತಿ ಹೇಳಿದ್ದು ಬೇರೊಂದು ಮಾತನ್ನು. ಮುಖ್ಯಸ್ಥರಿಗೂ ಅವರ ಹಿಂದಿನ ಉದ್ಯೋಗದಾತರಿಗೂ 1993ರಲ್ಲಿ ವ್ಯಾಜ್ಯವಿತ್ತು; ಆ ಸಂಸ್ಥೆಯಲ್ಲಿ ಸ್ಯಾಮ್‌ಸಂಗಿಗೆ ಪಾಲಿತ್ತು; ಜೂರಿಯ ಆಯ್ಕೆಯ ಕಾಲದಲ್ಲಿ ಇದನ್ನು ಅವರು ತಿಳಿಸಲಿಲ್ಲ ಎಂಬುದೇ ಆಕ್ಷೇಪ. ಮೊದಲೇ ವಿಚಾರಿಸಿದ್ದರೆ ಇದು ತಿಳಿಯುತ್ತಿತ್ತೆಂದು ನ್ಯಾಯಾಧೀಶೆ ಲೂಸಿ ಕೋ ಅವರು 2012ರ ಡಿಸೆಂಬರಿನಲ್ಲಿ ಬೇಡಿಕೆಯನ್ನು ತಳ್ಳಿಹಾಕಿದರು. ಆಲೋಚನಾಗೃಹದಲ್ಲಿ ನಡೆದ ಮಾತುಗಳನ್ನಾದರೋ, ಜೂರಿಯ ರಹಸ್ಯವನ್ನು ಕಾಪಾಡುವ ಸಾಕ್ಷ್ಯನಿಯಮವೇ ಪ್ರಶ್ನಿಸಗೊಡದು.

ನಮ್ಮ ಆಕ್ಷೇಪವಿರುವುದು ಇಲ್ಲಿಯೇ. ಪಕ್ಷಪಾತವೆಂದರೆ ದ್ವೇಷವೋ ಲಾಭವೋ ಮಾತ್ರವೆಂದು ಭಾವಿಸುವ ನ್ಯಾಯಪದ್ಧತಿಯು, ಪರೀಕ್ಷೆಗೊಳಗಾಗದ ಪಾಂಡಿತ್ಯದ ಪಕ್ಷಪಾತವನ್ನು ಕಾಣದೆ ಹೋಗುತ್ತದೆ. ಸಾಕ್ಷಿಕಟ್ಟೆಯಲ್ಲಿ ನಿಂತ ತಜ್ಞನನ್ನು ಪಾಟೀಸವಾಲಿಗೆ ಗುರಿಪಡಿಸಬಹುದು. ಜೂರಿಯಲ್ಲಿ ಕುಳಿತ ತಜ್ಞನಿಗೆ ಎದುರಾಡುವವರೇ ಇಲ್ಲ. ಪೇಟೆಂಟನ್ನು ರದ್ದುಗೊಳಿಸಲು ಸ್ಪಷ್ಟವೂ ಮನವೊಪ್ಪುವಂಥದೂ ಆದ ಸಾಕ್ಷ್ಯ ಬೇಕೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ದೃಢಪಡಿಸಿತ್ತು; ಮೊದಲೇ ಎತ್ತರವಾದ ಈ ಗೋಡೆಯ ಮೇಲೆ ಒಬ್ಬನ ತಪ್ಪುಗ್ರಹಿಕೆಯೂ ಸೇರಿದರೆ ಪ್ರತಿವಾದಿಗೆ ದಾರಿಯೆಲ್ಲಿ?

ಫಲಿತಾಂಶವೇ ತಪ್ಪೆಂದು ನಾವು ಹೇಳುತ್ತಿಲ್ಲ. 2015ರ ಮೇಲ್ಮನವಿಯಲ್ಲಿ, ಸರಕಿನ ಬಾಹ್ಯರೂಪದ ವಿಷಯ ಬಿದ್ದುಹೋದರೂ, ಪೇಟೆಂಟುಗಳ ವಿಷಯದ ನಿರ್ಣಯವು ನಿಂತಿತು. ಆದರೆ ದಾರಿ ತಪ್ಪಿ ಊರು ಸೇರಿದವನು ದಾರಿ ಬಲ್ಲವನೆನಿಸನು. ತೀರ್ಪಿನ ಪತ್ರದಲ್ಲಿ ಸಿಂಧುತ್ವದ ಬಗ್ಗೆ ಜೂರಿಯಿಂದ ಕೇಳಿದ್ದು ‘ಹೌದು’, ‘ಅಲ್ಲ’ ಎಂಬ ಉತ್ತರವನ್ನಷ್ಟೇ. ಪೂರ್ವವಿದ್ಯೆಯಲ್ಲಿ ಯಾವ ಅಂಗವು ಕಾಣಲಿಲ್ಲವೆಂದು ಒಂದೊಂದಾಗಿ ಬರೆಯಿಸಿದ್ದರೆ, ಸಂಸ್ಕಾರಕದ ತರ್ಕವು ಅಲ್ಲಿಯೇ ಬಯಲಾಗುತ್ತಿತ್ತು; ರಹಸ್ಯಕ್ಕೂ ಭಂಗ ಬರುತ್ತಿರಲಿಲ್ಲ. ಹಕ್ಕುವಾಕ್ಯದ ಅರ್ಥನಿರ್ಣಯವು ನ್ಯಾಯಾಧೀಶರದೆಂದು 1996ರಲ್ಲಿಯೇ ತೀರ್ಮಾನಿಸಿದ ದೇಶಕ್ಕೆ ಇಷ್ಟು ಸುಧಾರಣೆ ದೂರದ ಮಾತಲ್ಲ. ಜೂರಿಯಿಂದ ತೀರ್ಪನ್ನು ಬೇಡುವ ನ್ಯಾಯಸ್ಥಾನವು ಅದರ ಕಾರಣವನ್ನೂ ಬೇಡುವುದು ಯುಕ್ತವೆಂಬುದೇ ನಮ್ಮ ಅಭಿಪ್ರಾಯ.