ಕಾಸನಿದಾನದ ಒಂದು ಪಾಠಭೇದ

ಮಾಧವಕರನ ‘ರೋಗವಿನಿಶ್ಚಯ’ವು ಮಾಧವನಿದಾನವೆಂದೇ ಪ್ರಸಿದ್ಧವಾದುದು. ಪೂರ್ವಸಂಹಿತೆಗಳಲ್ಲಿ ಚದರಿದ್ದ ರೋಗಕಾರಣಗಳನ್ನು ಒಂದೆಡೆ ಕಲೆಹಾಕಿರುವುದರಿಂದ ವಿದ್ಯಾರ್ಥಿಗಳಿಗೆ ಇದು ಕಂಠಪಾಠದ ಗ್ರಂಥವಾಯಿತು. ಆದಕಾರಣ ಇಲ್ಲಿ ಒಂದಕ್ಷರ ಕೆಟ್ಟರೂ ಆ ಕೇಡು ವೈದ್ಯನ ಬುದ್ಧಿಯಲ್ಲಿಯೇ ನೆಲೆಯೂರುವುದು.

ಕಾಸಪ್ರಕರಣದ ಆರಂಭಶ್ಲೋಕವು ಸುಶ್ರುತದ ಉತ್ತರತಂತ್ರದಿಂದ ಬಂದದ್ದು. ಕೆಮ್ಮಿನ ಕಾರಣಗಳಲ್ಲಿ ಮೊದಲು ಹೊಗೆಯ ಉಪಘಾತವನ್ನು ಹೇಳಿದೆ. ಮುಂದಿನ ಪದವನ್ನು ಕೆಲವರು ‘ರಜಸಃ’ ಎಂದೂ ಕೆಲವರು ‘ರಸತಃ’ ಎಂದೂ ಓದುತ್ತಾರೆ. ಮೊದಲನೆಯದಕ್ಕೆ ಧೂಳಿನಿಂದ ಎಂದರ್ಥ; ಎರಡನೆಯದಕ್ಕೆ, ಪಕ್ವವಾಗದ ಅನ್ನರಸವು ಮೇಲಕ್ಕೇರುವುದರಿಂದ ಎಂದು ವಿವರಣೆ. ಛಂದಸ್ಸು ಎರಡನ್ನೂ ಸಹಿಸುವುದರಿಂದ ಅದರ ಸಾಕ್ಷ್ಯವು ಪ್ರಯೋಜನಕ್ಕೆ ಬಾರದು.

‘ರಸತಃ’ ಎಂಬುದೇ ಕ್ಲಿಷ್ಟಪಾಠ, ಕ್ಲಿಷ್ಟವನ್ನು ಲಿಪಿಕಾರನು ಸುಲಭಮಾಡುವನೇ ಹೊರತು ಸುಲಭವನ್ನು ಕ್ಲಿಷ್ಟಮಾಡನು, ಎಂದು ಆಕ್ಷೇಪಿಸಬಹುದು. ಈ ನ್ಯಾಯವು ಒಳ್ಳೆಯದೇ. ಆದರೆ ಪ್ರಕರಣಕ್ಕೆ ಹೊಂದಬೇಕು. ಅದೇ ಶ್ಲೋಕವು ರೂಕ್ಷಾನ್ನವನ್ನೂ ದಾರಿತಪ್ಪಿದ ಆಹಾರವನ್ನೂ ಮುಂದೆ ಬೇರೆಯಾಗಿಯೇ ಹೇಳುತ್ತದೆ. ಹೊಗೆಯ ಮಗ್ಗುಲಲ್ಲಿ ಅನ್ನರಸಕ್ಕೆ ಏನು ಕೆಲಸ? ಶ್ವಾಸರೋಗದ ಕಾರಣಗಳನ್ನೆಣಿಸುವಲ್ಲಿ ಚರಕನು ಧೂಳಿನಿಂದಲೇ ಆರಂಭಿಸಿ ಒಡನೆ ಹೊಗೆಯನ್ನು ಹೇಳುತ್ತಾನೆ. ಸುಶ್ರುತನ ಶ್ವಾಸನಿದಾನದಲ್ಲಿಯೂ ಇವೆರಡು ಜೊತೆಯಾಗಿಯೇ ಇವೆ. ‘ತಥೈವ’ ಎಂಬ ಮಾತೂ ಧೂಳಿನ ಪಕ್ಷಕ್ಕೇ ಒಲಿಯುವುದು: ಹೊಗೆಯಂತೆ ಧೂಳೂ ಉಸಿರಿನೊಡನೆ ಒಳಹೊಗತಕ್ಕದ್ದು. ಆ ಪದವು ಮತ್ತೊಮ್ಮೆ ಪಾದಪೂರಣಕ್ಕೆಂಬಂತೆ ಬರುವುದರಿಂದ ಇದರ ಮೇಲೆ ಹೆಚ್ಚು ಭಾರ ಹಾಕಲಾಗದು.

ಇದು ಬರಿಯ ಅಕ್ಷರವಾದವಲ್ಲ. ‘ರಸತಃ’ ಎಂದು ಕಲಿತ ವೈದ್ಯನು ರೋಗಿಯನ್ನು ಏನುಂಡೆಯೆಂದು ಕೇಳುವನು. ‘ರಜಸಃ’ ಎಂದು ಕಲಿತವನು ಎಲ್ಲಿ ದುಡಿದೆಯೆಂದೂ ಕೇಳುವನು. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಗಳಲ್ಲಿ ಬಂಡೆಯ ಧೂಳಿನಿಂದ ಸಿಲಿಕೋಸಿಸ್ ಎಂಬ ಶ್ವಾಸಕೋಶರೋಗಕ್ಕೆ ತುತ್ತಾದ ಕಾರ್ಮಿಕರುಂಟು. ನುಣ್ಣನೆಯ ಸಿಲಿಕಾ ಕಣಗಳು ಶ್ವಾಸಕೋಶದ ಆಳಕ್ಕಿಳಿದು ಅಲ್ಲಿ ಗಾಯದ ಕಲೆಯಂತೆ ಗಡಸುಕಟ್ಟಿಸುವುವು. ಕೆಲಸ ಬಿಟ್ಟು ವರ್ಷಗಳಾದ ಮೇಲೂ ರೋಗವು ತಲೆದೋರಬಹುದು. ಅಂಥವನ ಊಟವನ್ನು ಎಷ್ಟು ವಿಚಾರಿಸಿದರೂ ಕಾರಣ ಸಿಕ್ಕುವುದಿಲ್ಲ. ಇಷ್ಟರಿಂದ ಪ್ರಾಚೀನರು ಸಿಲಿಕೋಸಿಸ್ಸನ್ನು ಬಲ್ಲವರಾಗಿದ್ದರೆಂದು ಸಾರುವುದು ಅಭಿಮಾನವೇ ಹೊರತು ವಿಮರ್ಶೆಯಲ್ಲ. ಅವರು ಧೂಳನ್ನು ಕಂಡಿದ್ದರು, ಅಷ್ಟೇ.

ಮುಂದೆ ಈ ಗ್ರಂಥವನ್ನು ಕನ್ನಡ ತಾತ್ಪರ್ಯದೊಡನೆ ಅಚ್ಚುಹಾಕಿಸುವವರು ‘ರಜಸಃ’ ಎಂಬುದನ್ನು ಮೂಲದಲ್ಲಿಯೂ ‘ರಸತಃ’ ಎಂಬುದನ್ನು ಅಡಿಟಿಪ್ಪಣಿಯಲ್ಲಿಯೂ ಇಡುವುದು ಯುಕ್ತವೆಂದು ನಮಗೆ ತೋರುವುದು.