ಇದ್ದಲ್ಲೇ ರಿಪೇರಿಯೋ, ಹೊಸ ಊರೋ

1993ರ ಸೆಪ್ಟೆಂಬರ್ 30ರ ನಸುಕಿನ ಕಿಲ್ಲಾರಿ ಭೂಕಂಪ ಮಹಾರಾಷ್ಟ್ರದ ಉಮರ್ಗಾ ಮತ್ತು ಔಸಾ ತಾಲ್ಲೂಕುಗಳ ಎಷ್ಟೋ ಊರುಗಳನ್ನು ನೆಲಕ್ಕೆ ಕೆಡವಿತು. ಆಮೇಲಿನ ಪುನರ್ವಸತಿ ಮುಖ್ಯವಾಗಿ ಎರಡು ಬಗೆಯಲ್ಲಿ ನಡೆಯಿತು. ಹಾನಿ ಕಡಿಮೆ ಇದ್ದ ಕಡೆ ಮನೆಗಳನ್ನು ಇದ್ದಲ್ಲೇ ರಿಪೇರಿ ಮಾಡಿ ಗಟ್ಟಿಗೊಳಿಸಿದರು. 52 ಊರುಗಳನ್ನು ಬೇರೆ ಜಾಗದಲ್ಲಿ ಹೊಸದಾಗಿ ಕಟ್ಟಿದರು. ದಾಳಿಂಬ, ನಿಲಂಗಾ ಸೀಮೆಯ ಹಿರಿಯರಿಗೆ ಈ ಎರಡರ ವ್ಯತ್ಯಾಸವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಆ ದುಃಖದ ಜೊತೆ ಯಂತ್ರದ ಕೆಲಸವನ್ನು ತೂಗುವಂತಿಲ್ಲ. ಆದರೂ ಸರ್ವರ್ ನೋಡಿಕೊಳ್ಳುವವರು ಹೊಸ ಆವೃತ್ತಿಗೆ ಹೊರಟಾಗ ಎದುರಾಗುವ ಪ್ರಶ್ನೆ ಇದೇ: ಇರುವ ಯಂತ್ರದಲ್ಲೇ ಬದಲಿಸುವುದೋ, ಹೊಸ ಯಂತ್ರ ಕಟ್ಟಿ ಡೇಟಾ ಅಲ್ಲಿಗೆ ಒಯ್ಯುವುದೋ?

ಈ ಪ್ರಶ್ನೆಯನ್ನು ಮುಂದೂಡುತ್ತಲೇ ಇದ್ದವರಿಗೆ 2020ರ ಡಿಸೆಂಬರ್ 8ರಂದು ಬಿಸಿ ತಟ್ಟಿತು. 2029ರವರೆಗೆ ನಡೆಯುತ್ತದೆ ಎಂದು ನಂಬಿದ್ದ ಲಿನಕ್ಸ್ ವ್ಯವಸ್ಥೆ ಸೆಂಟ್‌ಓಎಸ್ 8ಕ್ಕೆ 2021ರ ಕೊನೆಗೇ ಬೆಂಬಲ ನಿಲ್ಲುತ್ತದೆ ಎಂಬ ಪ್ರಕಟಣೆ ಅಂದು ಬಂತು. ಸೆಂಟ್‌ಓಎಸ್ 7ರ ಆಯಸ್ಸೂ 2024ರ ಜೂನ್ 30ಕ್ಕೆ ಮುಗಿಯಿತು. ಬೆಂಬಲ ನಿಂತ ಯಂತ್ರ ಮರುದಿನವೇ ನಿಂತುಹೋಗುವುದಿಲ್ಲ. ಹೊಸದಾಗಿ ಸಿಕ್ಕ ಭದ್ರತಾ ದೋಷಗಳಿಗೆ ತೇಪೆ ಸಿಗುವುದಿಲ್ಲ, ಅಷ್ಟೇ. ಎಲ್ಲ ಸರಿಯಿದೆ ಎಂದು ಕಾಣುತ್ತಿರುವಾಗಲೇ ಅಪಾಯ ಬೆಳೆಯುತ್ತಿರುತ್ತದೆ.

ಯುನಿಕ್ಸ್ ಕುಟುಂಬದ ಡೆಬಿಯನ್, ಸೆಂಟ್‌ಓಎಸ್, ಫ್ರೀಬಿಎಸ್‌ಡಿಗಳ ಮೂರು ಪದ್ಧತಿಗಳನ್ನು ಇಲ್ಲಿ ಒಂದೇ ಅಳತೆಗೋಲಿನಿಂದ ನೋಡಬಹುದು. ಕೆಲಸ ಕೆಟ್ಟರೆ ಬಂದ ದಾರಿಯಲ್ಲಿ ಹಿಂದಿರುಗಲು ಆಗುತ್ತದೆಯೇ?

ಡೆಬಿಯನ್‌ನ ದೊಡ್ಡ ಬಲ ಅದರ ಬಿಡುಗಡೆ ಟಿಪ್ಪಣಿ. ಪ್ರತಿ ಆವೃತ್ತಿಯ ಜೊತೆಗೂ ಅದು ಬರುತ್ತದೆ. ಬ್ಯಾಕಪ್ ತೆಗೆಯಿರಿ, ಡಿಸ್ಕ್‌ನಲ್ಲಿ ಜಾಗ ನೋಡಿ, ತಡೆಹಿಡಿದ ಪ್ಯಾಕೇಜುಗಳಿವೆಯೇ ಪರೀಕ್ಷಿಸಿ, ಪರದೆಯ ಮೇಲೆ ಬಂದದ್ದೆಲ್ಲ ದಾಖಲಾಗಲಿ, ಒಂದು ಆವೃತ್ತಿಯನ್ನೂ ಜಿಗಿಯಬೇಡಿ ಎಂದು ಹಂತ ಹಂತವಾಗಿ ಹೇಳುತ್ತದೆ. ಮೊದಲು ಹೊಸ ಪ್ಯಾಕೇಜು ಸೇರಿಸದೆ ಸಣ್ಣ ಅಪ್‌ಗ್ರೇಡ್, ನಂತರವೇ ಪೂರ್ತಿ ಅಪ್‌ಗ್ರೇಡ್. ಏನು ಬದಲಾಯಿತು ಎಂಬುದನ್ನೂ ಮುಚ್ಚಿಡುವುದಿಲ್ಲ. 2023ರ ಡೆಬಿಯನ್ 12ರಲ್ಲಿ ಫರ್ಮ್‌ವೇರ್ ಪ್ಯಾಕೇಜುಗಳು ಬೇರೆ ವಿಭಾಗಕ್ಕೆ ಹೋದವು. 2025ರ ಆಗಸ್ಟ್‌ನ ಡೆಬಿಯನ್ 13ರಲ್ಲಿ ತಾತ್ಕಾಲಿಕ ಫೈಲುಗಳ ಡೈರೆಕ್ಟರಿ ಡಿಸ್ಕ್‌ನಿಂದ ಮೆಮೊರಿಗೆ ಬಂತು. ಇವನ್ನು ಓದದೆ ಹೊರಟವರಿಗೆ ತೊಂದರೆ ಆದರೆ ತಪ್ಪು ಟಿಪ್ಪಣಿಯದಲ್ಲ.

ಕೊರತೆ ಇರುವುದು ಹಿಂದಿರುಗುವಲ್ಲಿ. ಹಳೆಯ ಆವೃತ್ತಿಗೆ ಇಳಿಯುವುದನ್ನು ಡೆಬಿಯನ್ ಬೆಂಬಲಿಸುವುದಿಲ್ಲ. ಬ್ಯಾಕಪ್ ಅಥವಾ ಸ್ನ್ಯಾಪ್‌ಶಾಟ್ ಒಂದೇ ಆಸರೆ. ಬ್ಯಾಕಪ್ ಇದೆ ಎಂಬ ನಂಬಿಕೆ ಬೇರೆ, ಅದನ್ನು ಇನ್ನೊಂದು ಯಂತ್ರದಲ್ಲಿ ಬಿಚ್ಚಿ ಸೇವೆ ಎದ್ದು ನಿಂತದ್ದನ್ನು ಕಣ್ಣಾರೆ ಕಂಡಿರುವುದು ಬೇರೆ.

ಸೆಂಟ್‌ಓಎಸ್ ಕಡೆಯವರಿಗೆ ದೊಡ್ಡ ಆವೃತ್ತಿ ಬದಲಾದಾಗಲೆಲ್ಲ ಹೊಸ ಊರು ಕಟ್ಟುವುದೇ ರೂಢಿಯಾಗಿತ್ತು. ರೆಡ್ ಹ್ಯಾಟ್‌ನ ಲೀಪ್ ಎಂಬ ಸಾಧನವನ್ನು ಆಧರಿಸಿ, ಸೆಂಟ್‌ಓಎಸ್‌ಗೆ ಬದಲಿಯಾಗಿ ಬಂದ ಆಲ್ಮಾಲಿನಕ್ಸ್‌ನವರು 2021ರಲ್ಲಿ ತಂದ ಎಲಿವೇಟ್, ಇದ್ದಲ್ಲೇ ಬದಲಿಸುವ ದಾರಿ ತೆರೆಯಿತು. ಇದರಲ್ಲಿ ಮೆಚ್ಚಬೇಕಾದದ್ದು ಮುಂಚಿನ ತಪಾಸಣೆ. ಯಂತ್ರವನ್ನು ಮುಟ್ಟುವ ಮೊದಲೇ ಅದು ವರದಿ ಬರೆಯುತ್ತದೆ. ದೊಡ್ಡ ಅಡ್ಡಿ ಕಂಡರೆ ಮುಂದೆ ಹೋಗಲು ಬಿಡುವುದಿಲ್ಲ. ಆದರೆ ನಡುವೆ ಕೆಟ್ಟರೆ ಹಿಂದಿರುಗುವ ಹೊಣೆಯನ್ನು ಅದೂ ಹೊರುವುದಿಲ್ಲ.

ಈ ಅಳತೆಯಲ್ಲಿ ಫ್ರೀಬಿಎಸ್‌ಡಿ ಮುಂದಿದೆ. ಝಡ್‌ಎಫ್‌ಎಸ್ ಫೈಲ್ ವ್ಯವಸ್ಥೆಯ ಮೇಲೆ ಓಡುವ ಯಂತ್ರದಲ್ಲಿ ಅಪ್‌ಗ್ರೇಡ್‌ಗೆ ಮೊದಲು ಇಡೀ ವ್ಯವಸ್ಥೆಯ ಒಂದು ಬೂಟ್ ಪರಿಸರವನ್ನು ಕ್ಷಣದಲ್ಲಿ ತೆಗೆದಿಡಬಹುದು. ಅದಕ್ಕೆ ಬೇಕಾದ ಬಿಇಸಿಟಿಎಲ್ ಸಾಧನ 2018ರ 12.0 ಆವೃತ್ತಿಯಿಂದ ಮೂಲ ವ್ಯವಸ್ಥೆಯಲ್ಲೇ ಬರುತ್ತದೆ. ಹೊಸದು ಏಳದಿದ್ದರೆ ಬೂಟ್ ಮೆನುವಿನಲ್ಲಿ ಹಳೆಯದನ್ನು ಆರಿಸಿಕೊಂಡರೆ ಸಾಕು. ಅದಕ್ಕೆ ಒಂದು ಷರತ್ತು ಮಾತ್ರ ಇದೆ. ಹೊಸ ಆವೃತ್ತಿ ನೆಲೆನಿಂತದ್ದು ಖಾತ್ರಿಯಾಗುವ ಮೊದಲೇ ಝಡ್‌ಎಫ್‌ಎಸ್ ಪೂಲನ್ನೂ ಮೇಲ್ದರ್ಜೆಗೇರಿಸಿದರೆ ಹಳೆಯ ವ್ಯವಸ್ಥೆಗೆ ಆ ಡಿಸ್ಕ್ ಓದಲು ಬರದೆ ಹೋಗಬಹುದು. ಅವಸರದಲ್ಲಿ ಕೊಟ್ಟ ಆ ಒಂದು ಕಮಾಂಡ್, ಬಂದ ದಾರಿಗೆ ತಾನೇ ಬೇಲಿ ಹಾಕಿಬಿಡುತ್ತದೆ.

ಮೂರೂ ಪದ್ಧತಿಗಳ ಸಮಾನ ಮಿತಿ ಒಂದಿದೆ. ಹಿಂದಿರುಗುವ ದಾರಿಗೆ ಗಡುವು ಇದೆ. ಹೊಸ ವ್ಯವಸ್ಥೆ ಬೆಳಿಗ್ಗೆ ಕೆಲಸ ಶುರು ಮಾಡಿ, ಡೇಟಾಬೇಸೂ ಸೇರಿದ ಸ್ನ್ಯಾಪ್‌ಶಾಟ್‌ಗೆ ಸಂಜೆ ಮರಳಿದರೆ ನಡುವೆ ಜನ ಬರೆಸಿದ ದಾಖಲೆಗಳೆಲ್ಲ ಹೋದವು. ಸೇವೆಯನ್ನು ಜನರಿಗೆ ತೆರೆಯುವ ಮೊದಲೇ ಪರೀಕ್ಷೆ ಮುಗಿಯಬೇಕು.

ಏನನ್ನು ಪರೀಕ್ಷಿಸಬೇಕು? ಯಂತ್ರ ಎದ್ದಿತು, ಪುಟ ತೆರೆಯಿತು ಎಂದು ಕೈ ತೊಳೆದುಕೊಳ್ಳುವವರೇ ಹೆಚ್ಚು. ಅಷ್ಟು ಸಾಲದು, ಹುಡುಕಿದ ದಾಖಲೆ ಸಿಗುತ್ತದೆಯೇ ಎಂದೂ ನೋಡಬೇಕು. ದಾಳಿಂಬದಲ್ಲಿ ಹೊಲದ ದಾಖಲೆಯಾಗಿ ಸಾತ್‌ಬಾರಾ ಉತಾರಾ ಪಡೆಯುವ ರೈತನ ನೆಂಟರು ಗಡಿಯಾಚೆ ಕರ್ನಾಟಕದ ಆಳಂದ, ಬಸವಕಲ್ಯಾಣದಲ್ಲಿ ಪಹಣಿ ಪಡೆಯುತ್ತಾರೆ. ಎರಡರಲ್ಲೂ ಹೊಲವನ್ನು ಹುಡುಕುವುದು ನಂಬರಿನಿಂದ. ಅಂಥ ನಂಬರುಗಳನ್ನು ಅಕ್ಷರಗಳಾಗಿ ಬರೆದು ಒಂದು ಪ್ರಯೋಗ ಮಾಡಬಹುದು. ಒಂದು ಸಾಲಿನಲ್ಲಿ 1-1, ಇನ್ನೊಂದರಲ್ಲಿ 11. ಅಮೆರಿಕನ್ ಇಂಗ್ಲಿಷ್ ಯುಟಿಎಫ್-8 ಲೊಕೇಲ್‌ನಲ್ಲಿ ಸಾರ್ಟ್ ಕಮಾಂಡ್ ಕೊಟ್ಟರೆ ಹಳೆಯ ಲಿನಕ್ಸ್‌ನಲ್ಲಿ 11 ಮೇಲೆ ಬರುತ್ತದೆ, ಹೊಸದರಲ್ಲಿ 1-1 ಮೇಲೆ.

ಕಾರಣ, 2018ರ ಆಗಸ್ಟ್‌ನಲ್ಲಿ ಬಂದ, ಲಿನಕ್ಸ್‌ನ ಮೂಲ ಲೈಬ್ರರಿ ಜಿಲಿಬ್‌ಸಿಯ 2.28 ಆವೃತ್ತಿಯಲ್ಲಿ ಪದಗಳನ್ನು ಕ್ರಮವಾಗಿ ಜೋಡಿಸುವ ನಿಯಮಗಳೇ ಬದಲಾದವು. ಡೆಬಿಯನ್ 9ರಿಂದ 10ಕ್ಕೆ ಹೋದವರೂ, ಸೆಂಟ್‌ಓಎಸ್ 7ರಿಂದ ಎಂಟರ ಪೀಳಿಗೆಗೆ ಹೋದವರೂ ಈ ಗೆರೆ ದಾಟಲೇಬೇಕು. ಪೋಸ್ಟ್‌ಗ್ರೆಸ್ ಡೇಟಾಬೇಸ್ ತನ್ನ ಇಂಡೆಕ್ಸನ್ನು ಹಳೆಯ ಕ್ರಮದಲ್ಲಿ ಕಟ್ಟಿಟ್ಟಿರುತ್ತದೆ. ಹೊಸ ವ್ಯವಸ್ಥೆಯಲ್ಲಿ ಹೊಸ ಕ್ರಮದಲ್ಲಿ ಹುಡುಕುತ್ತದೆ. ಆಗ ಇರುವ ದಾಖಲೆಯೇ ಇಲ್ಲ ಎಂಬ ಉತ್ತರ ಬರಬಹುದು. ಒಂದೇ ಇರಬೇಕಾದ ನಂಬರು ಎರಡು ಸಲ ಸೇರಿಕೊಳ್ಳಬಹುದು. ಯಂತ್ರ ನಿಲ್ಲುವುದಿಲ್ಲ, ಕೆಂಪು ಅಕ್ಷರ ಕಾಣುವುದಿಲ್ಲ. ಪೋಸ್ಟ್‌ಗ್ರೆಸ್ 15ರಿಂದೀಚೆಗೆ ಮಾತ್ರ ಇಡೀ ಡೇಟಾಬೇಸಿನ ಮಟ್ಟದಲ್ಲಿ ಎಚ್ಚರಿಕೆ ಸಿಗುತ್ತದೆ.

ಹೊಸ ಊರಿನ ದಾರಿಯ ನಿಜವಾದ ಮೇಲ್ಮೆ ಕಾಣುವುದು ಇಲ್ಲಿ. ಹಳೆಯ ಡೇಟಾಬೇಸನ್ನು ಡಂಪ್ ಮಾಡಿ ಹೊಸ ಯಂತ್ರದಲ್ಲಿ ತುಂಬಿದರೆ ಇಂಡೆಕ್ಸುಗಳು ಹೊಸ ನಿಯಮದಂತೆಯೇ ಕಟ್ಟಿಕೊಳ್ಳುತ್ತವೆ. ಹಳೆಯ ಯಂತ್ರವೂ ಹಾಗೇ ಉಳಿಯುತ್ತದೆ. ಹೆಚ್ಚು ಹೊತ್ತು, ಹೆಚ್ಚು ಡಿಸ್ಕ್ ಬೇಡುತ್ತದೆ, ನಿಜ. ಜನರ ದಾಖಲೆ ಇರುವ ಸರ್ವರ್‌ಗೆ ಆ ಖರ್ಚು ದುಬಾರಿಯಲ್ಲ. ಡೇಟಾ ಇಲ್ಲದ ಸಣ್ಣ ಯಂತ್ರಗಳಿಗೆ ಇದ್ದಲ್ಲೇ ಬದಲಿಸುವ ಡೆಬಿಯನ್ ಪದ್ಧತಿ ಧಾರಾಳ ಸಾಕು.

ಹೊರಡುವವರು ಯಾವ ದಾರಿ ಹಿಡಿದರೂ ಹಳೆಯ ಯಂತ್ರದಲ್ಲಿ ಆ ಎರಡು ಸಾಲನ್ನು ಸಾರ್ಟ್ ಮಾಡಿ ಉತ್ತರ ಬರೆದಿಟ್ಟುಕೊಳ್ಳಲಿ. ಹೊಸದರಲ್ಲಿ ಮತ್ತೆ ಮಾಡಿ ನೋಡಲಿ. ಉತ್ತರ ಬೇರೆ ಬಂದರೆ, ಡೇಟಾಬೇಸನ್ನು ಫೈಲುಗಳ ಮಟ್ಟದಲ್ಲೇ ತಂದಿದ್ದರೆ, ಕಚೇರಿ ಬಾಗಿಲು ತೆರೆಯುವ ಮೊದಲು ರೀಇಂಡೆಕ್ಸ್ ನಡೆಸಲಿ.